‘ಹೆಚ್ಚಿನ ಅಪಾಯ’ ಎಂದರೆ ತೀರ್ಪಲ್ಲ

ಗರ್ಭಿಣಿಯ ರಕ್ತಪರೀಕ್ಷೆಯ ವರದಿಯಲ್ಲಿ ‘ಡೌನ್ ಸಿಂಡ್ರೋಮ್: ಹೆಚ್ಚಿನ ಅಪಾಯ’ ಎಂಬ ಸಾಲು ಕಂಡರೆ ಮನೆಮಂದಿಯ ಎದೆ ಧಸಕ್ಕೆನ್ನುವುದು ಸಹಜ. ಆದರೆ ಮಗುವಿಗೆ ಆ ಸ್ಥಿತಿ ಇದ್ದೇ ಇದೆ ಎಂದು ಈ ಸಾಲು ಹೇಳುವುದಿಲ್ಲ. ‘ಇನ್ನೊಂದು ಪರೀಕ್ಷೆ ಮಾಡಿಸಿ ನೋಡಿ’ ಎನ್ನುವುದಷ್ಟೇ ಅದರ ಅರ್ಥ.

ನಮ್ಮ ಜೀವಕೋಶಗಳಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿರುತ್ತವೆ. 21ನೆಯ ವರ್ಣತಂತು ಎರಡಿರುವ ಬದಲು ಮೂರಿದ್ದರೆ ಅದೇ ಡೌನ್ ಸಿಂಡ್ರೋಮ್. ಇದರ ಸಾಧ್ಯತೆ ಯಾರಲ್ಲಿ ಹೆಚ್ಚು ಎಂದು ಬೇರ್ಪಡಿಸುವುದೇ ಸ್ಕ್ರೀನಿಂಗ್ ಪರೀಕ್ಷೆಯ ಕೆಲಸ. ಅದು ಜರಡಿಯಿದ್ದಂತೆ. ಕಲ್ಲು ಜಾರಿಹೋಗದಿರಲೆಂದು ಜರಡಿಯ ಕಣ್ಣನ್ನು ಸಣ್ಣದಾಗಿಸಿದರೆ ಕಲ್ಲಿನೊಡನೆ ಒಳ್ಳೆಯ ಕಾಳೂ ಮೇಲೆಯೇ ಉಳಿಯುತ್ತದೆ.

ಒಂದು ಲೆಕ್ಕ ನೋಡೋಣ. 10,000 ಗರ್ಭಿಣಿಯರಲ್ಲಿ 10 ಮಂದಿಯ ಶಿಶುಗಳಿಗೆ ಡೌನ್ ಸಿಂಡ್ರೋಮ್ ಇದೆ ಎನ್ನಿ. ಮೂರನೆಯ ತಿಂಗಳ ಸ್ಕ್ಯಾನ್ ಮತ್ತು ರಕ್ತಪರೀಕ್ಷೆ ಸೇರಿ ಇವರಲ್ಲಿ 8-9 ಮಂದಿಯನ್ನು ಪತ್ತೆಮಾಡುತ್ತವೆ. ಜೊತೆಗೆ, ಆ ಸ್ಥಿತಿ ಇಲ್ಲದ ಶಿಶುಗಳ ತಾಯಂದಿರಲ್ಲೂ ಶೇಕಡ 5ರಷ್ಟು, ಅಂದರೆ ಸುಮಾರು 500 ಮಂದಿಗೆ ಇದೇ ಎಚ್ಚರಿಕೆ ಬರುತ್ತದೆ!

ತಾಯಿಯ ರಕ್ತದಲ್ಲಿ ಶಿಶುವಿನ ಡಿಎನ್‌ಎ ಇರುವುದನ್ನು 1997ರಲ್ಲಿ ಡೆನಿಸ್ ಲೋ ಮತ್ತು ಸಂಗಡಿಗರು ತೋರಿಸಿದರು. ಅದನ್ನು ಆಧರಿಸಿ 2011ರಲ್ಲಿ ಬಳಕೆಗೆ ಬಂದ ಎನ್‌ಐಪಿಟಿ ಪರೀಕ್ಷೆ ಬಹಳ ಮೇಲು. ಇಲ್ಲಿ ಹುಸಿ ಎಚ್ಚರಿಕೆ ಸಾವಿರಕ್ಕೆ ಸುಮಾರು ಒಂದು. ಆದರೂ ಮೇಲಿನ 10,000 ಮಂದಿಯಲ್ಲಿ ನಿಜದ ಎಚ್ಚರಿಕೆ 10, ಹುಸಿಯೂ 10! ನಲವತ್ತು ವಯಸ್ಸಿನ ಹೊತ್ತಿಗೆ ಡೌನ್ ಸಿಂಡ್ರೋಮಿನ ಸಾಧ್ಯತೆ ಸುಮಾರು ನೂರಕ್ಕೆ ಒಂದಾಗುತ್ತದೆ; ಆಗ ನಿಜದವು 100, ಹುಸಿಯವು 10. ಪರೀಕ್ಷೆ ಒಂದೇ ಆದರೂ ವಯಸ್ಸಿಗೆ ತಕ್ಕಂತೆ ವರದಿಯ ತೂಕ ಬದಲಾಗುತ್ತದೆ. ‘ಶೇಕಡ 99 ನಿಖರ’ ಎಂಬ ಜಾಹೀರಾತು ಇದನ್ನು ಹೇಳುವುದಿಲ್ಲ.

ಹುಸಿ ಏಕೆ ಬರುತ್ತದೆ? ರಕ್ತದಲ್ಲಿ ಸಿಗುವ ಆ ಡಿಎನ್‌ಎ ಬಹುಪಾಲು ಮಾಸಿನಿಂದ ಬಂದದ್ದು. ಕೆಲವೊಮ್ಮೆ ಮಾಸಿನಲ್ಲಿ ದೋಷವಿದ್ದರೂ ಶಿಶುವಿನಲ್ಲಿ ಇರುವುದಿಲ್ಲ. ಅವಳಿಗಳಲ್ಲಿ ಒಂದು ಆರಂಭದಲ್ಲೇ ಕರಗಿಹೋಗಿದ್ದರೂ ವರದಿ ದಾರಿತಪ್ಪಬಹುದು. ಇನ್ನೂ ಅಪರೂಪದ ಸ್ಥಿತಿಗಳ ವಿಷಯದಲ್ಲಿ ಹುಸಿಯ ಪಾಲು ಮತ್ತಷ್ಟು ಹೆಚ್ಚು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2022ರ ಏಪ್ರಿಲ್‌ನಲ್ಲಿ ಎಚ್ಚರಿಕೆಯೊಂದನ್ನು ನೀಡಿತು. ಕೆಲವರು ಸ್ಕ್ರೀನಿಂಗ್ ವರದಿಯೊಂದನ್ನೇ ನಂಬಿ, ಖಚಿತಪಡಿಸಿಕೊಳ್ಳದೆ ಗರ್ಭಪಾತ ಮಾಡಿಸಿಕೊಂಡಿದ್ದರೆಂದು ಅದು ತಿಳಿಸಿತು. ಹೀಗೆ ಇಟ್ಟ ಹೆಜ್ಜೆಯನ್ನು ಹಿಂದೆಗೆಯಲು ಸಾಧ್ಯವೇ?

ಆದ್ದರಿಂದ ಇಂಥ ವರದಿ ಬಂದರೆ ಗಾಬರಿಯಾಗಬೇಡಿ, ತಡವನ್ನೂ ಮಾಡಬೇಡಿ. ‘ನನ್ನ ವಯಸ್ಸಿನಲ್ಲಿ ಈ ವರದಿ ನಿಜವಾಗುವ ಸಾಧ್ಯತೆ ಎಷ್ಟು?’ ಎಂದು ವೈದ್ಯರನ್ನು ಕೇಳಿ. 15 ವಾರ ತುಂಬಿದ ಮೇಲೆ ಗರ್ಭಜಲವನ್ನು ಸೂಜಿಯಿಂದ ತೆಗೆದು ಮಾಡುವ ಪರೀಕ್ಷೆಯಿಂದ ಉತ್ತರ ಖಚಿತವಾಗುತ್ತದೆ. ಇದರಲ್ಲಿ ಗರ್ಭಸ್ರಾವದ ಅಪಾಯ ಅಲ್ಪವಾದರೂ ಇದ್ದೇ ಇದೆ. ಅದನ್ನೂ ಕೇಳಿ ತಿಳಿದುಕೊಳ್ಳಿ. ಮುಂದಿನ ನಿರ್ಧಾರ ನಿಮ್ಮದು. ಆದರೆ ಅದು ಖಚಿತವಾದ ಉತ್ತರ ಕೈಸೇರಿದ ಮೇಲಿನ ಮಾತಾಗಿರಲಿ.