ತೋರುಬೆರಳಿನ ಒಡನಾಡಿ

ದಾರಿ ತೋರಿಸಲು, ಎಣಿಸಲು, ಮಕ್ಕಳನ್ನು ಗದರಿಸಲು ನಾವು ನಿತ್ಯವೂ ತೋರುಬೆರಳನ್ನೆತ್ತುತ್ತೇವೆ. ಉಳಿದ ಬೆರಳುಗಳು ಮಡಿಚಿಕೊಂಡಿರುವಾಗ ಅದೊಂದೇ ನೆಟ್ಟಗೆ ನಿಲ್ಲುವುದು ಹೇಗೆಂದು ಯೋಚಿಸಿದವರು ವಿರಳ. ಈ ಸ್ವಾತಂತ್ರ್ಯದ ಹಿಂದೆ ಮುಂದೋಳಿನಲ್ಲಿ ಅಡಗಿರುವ ಪುಟ್ಟ ಸ್ನಾಯುವೊಂದರ ಸೇವೆಯಿದೆ.

ಓದುಗರು ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಬಹುದು. ಅಂಗೈಯನ್ನು ಮೇಜಿನ ಮೇಲೆ ಕವುಚಿ ಇಡಿ. ನಡುಬೆರಳನ್ನು ಮಾತ್ರ ಅಂಗೈಯ ಕೆಳಗೆ ಮಡಿಚಿ, ಉಳಿದ ಬೆರಳುಗಳನ್ನು ಒಂದೊಂದಾಗಿ ಮೇಲೆತ್ತಿರಿ. ಹೆಬ್ಬೆರಳು, ತೋರುಬೆರಳು, ಕಿರುಬೆರಳು ಸುಲಭವಾಗಿ ಏಳುತ್ತವೆ. ಉಂಗುರದ ಬೆರಳು ಮಾತ್ರ ಅಂಟಿಸಿಟ್ಟಂತೆ ಕದಲದೆ ಉಳಿಯುತ್ತದೆ.

ಕಾರಣವಿಷ್ಟು. ಬೆರಳುಗಳನ್ನು ನೀಳವಾಗಿ ಚಾಚುವ ಮುಖ್ಯ ಸ್ನಾಯುಗಳು ಇರುವುದು ಬೆರಳುಗಳಲ್ಲಲ್ಲ, ಮುಂದೋಳಿನ ಹಿಂಬದಿಯಲ್ಲಿ. ಅಲ್ಲಿನ ಒಂದು ದೊಡ್ಡ ಸ್ನಾಯು ನಾಲ್ಕು ರಜ್ಜುಗಳಾಗಿ ಕವಲೊಡೆದು ನಾಲ್ಕು ಬೆರಳುಗಳಿಗೂ ಹೋಗುತ್ತದೆ. ಮುಂಗೈಯ ಬೆನ್ನಿನ ಮೇಲೆ ಈ ರಜ್ಜುಗಳನ್ನು ಅಡ್ಡಪಟ್ಟಿಗಳು ಒಂದಕ್ಕೊಂದು ಬೆಸೆದಿವೆ. ಆದ್ದರಿಂದ ನಡುಬೆರಳು ಮಡಿಚಿದಾಗ ಪಕ್ಕದ ಉಂಗುರದ ಬೆರಳೂ ಬಂಧಿಯಾಗುತ್ತದೆ. ಕಿರುಬೆರಳಿಗೂ ತೋರುಬೆರಳಿಗೂ ಮಾತ್ರ ಇದಲ್ಲದೆ ಸ್ವಂತದ್ದೊಂದು ಸ್ನಾಯುವಿದೆ. ತೋರುಬೆರಳಿನದನ್ನು ವೈದ್ಯರು ‘ಎಕ್ಸ್‌ಟೆನ್ಸರ್ ಇಂಡಿಸಿಸ್’ ಎನ್ನುತ್ತಾರೆ. ಕಿರುಬೆರಳಿನ ಕಡೆಯ ಮುಂದೋಳೆಲುಬಿನ ಕೆಳಭಾಗದಲ್ಲಿ ಹುಟ್ಟಿ, ಮಣಿಕಟ್ಟನ್ನು ದಾಟಿ, ಅದು ತೋರುಬೆರಳಿನ ಬೆನ್ನನ್ನು ಸೇರುತ್ತದೆ. ಮಣಿಕಟ್ಟಿನಿಂದ ಮೂರು ನಾಲ್ಕು ಬೆರಳಗಲ ಮೇಲೆ, ಮುಂದೋಳಿನ ಹಿಂಬದಿಯನ್ನು ಮೆಲ್ಲನೆ ಹಿಡಿದು ತೋರುಬೆರಳೊಂದನ್ನೇ ಎತ್ತಿದರೆ ಆ ಭಾಗದ ಮಿಡುಕು ಕೈಗೆ ತಿಳಿಯುತ್ತದೆ.

ಈ ಸ್ನಾಯುವಿನ ಹಿರಿಮೆ ಇಷ್ಟಕ್ಕೇ ಮುಗಿಯುವುದಿಲ್ಲ. ಮಣಿಕಟ್ಟಿನ ಮೂಳೆ ಮುರಿದು ವಾಸಿಯಾಗುತ್ತಿರುವಾಗ, ಕೆಲವೊಮ್ಮೆ ವಾರಗಳ ಬಳಿಕ, ಹೆಬ್ಬೆರಳನ್ನು ಚಾಚುವ ರಜ್ಜು ಸವೆದು ಹರಿಯುವುದುಂಟು. ಆಗ ಹೆಬ್ಬೆರಳು ಜೋತುಬಿದ್ದು ಮೇಲೇಳದು. ಸವೆದ ತುದಿಗಳನ್ನು ನೇರವಾಗಿ ಹೊಲಿಯುವುದು ಅನೇಕ ವೇಳೆ ಅಸಾಧ್ಯ. ಶಸ್ತ್ರವೈದ್ಯರು ಆಗ ತೋರುಬೆರಳಿನ ಈ ಸ್ವಂತ ರಜ್ಜುವನ್ನೇ ಬಿಡಿಸಿ ಹೆಬ್ಬೆರಳಿಗೆ ಜೋಡಿಸುತ್ತಾರೆ. ಸಾಮಾನ್ಯ ಸ್ನಾಯುವಿನ ರಜ್ಜು ಉಳಿದಿರುವುದರಿಂದ ತೋರುಬೆರಳು ಕೈಬಿಡುವುದಿಲ್ಲ. ಮೊದಲ ದಿನಗಳಲ್ಲಿ ರೋಗಿಯು ತೋರುಬೆರಳನ್ನು ಎತ್ತುವ ಭಾವನೆ ಮಾಡಿದರೆ ಹೆಬ್ಬೆರಳು ಏಳುತ್ತದೆ! ಅಭ್ಯಾಸದಿಂದ ಮಿದುಳು ಹೊಸ ಪಾಠವನ್ನು ಕಲಿಯುತ್ತದೆ.

ಹಾರ್ಮೋನಿಯಂ, ತಬಲಾ, ವೀಣೆಯನ್ನು ಕಲಿಯುವ ಮಕ್ಕಳಿಗೂ ಬೆರಳಚ್ಚು ಕಲಿಯುವವರಿಗೂ ಬೇಕಾದುದು ಇಂಥ ಅಭ್ಯಾಸವೇ. ಮಣಿಕಟ್ಟನ್ನು ನೇರವಾಗಿಟ್ಟು, ಅಂಗೈಯನ್ನು ಮೇಜಿನ ಮೇಲೆ ಇರಿಸಿ, ತೋರುಬೆರಳನ್ನು ಮೆಲ್ಲನೆ ಎತ್ತಿ, ಮೂರು ಕ್ಷಣ ತಡೆದು, ಅಷ್ಟೇ ಮೆಲ್ಲನೆ ಇಳಿಸಬೇಕು. ಎಂಟು ಹತ್ತು ಬಾರಿ ಸಾಕು. ಅನಂತರ ಮುಷ್ಟಿ ಕಟ್ಟಿ ಅದೊಂದನ್ನೇ ಚಾಚಬೇಕು. ಬಲಕ್ಕಿಂತ ಹಿಡಿತ ಮುಖ್ಯ. ವೇಗಕ್ಕಿಂತ ಸಮತೆ ಮುಖ್ಯ.

ಆದರೆ ಉಂಗುರದ ಬೆರಳನ್ನು ತೋರುಬೆರಳಿನಷ್ಟೇ ಸ್ವತಂತ್ರಗೊಳಿಸುವ ಹಟ ಬೇಡ. ಜರ್ಮನಿಯ ಸಂಗೀತಗಾರ ರಾಬರ್ಟ್ ಶೂಮನ್ ಪಿಯಾನೊ ವಾದಕನಾಗಲು ಬಯಸಿ, ಬೆರಳುಗಳ ಸಾಧನೆಗೆ ಯಂತ್ರವನ್ನೂ ಬಳಸಿದ್ದನು. 1830ರ ದಶಕದ ಆರಂಭದಲ್ಲಿ ಅವನ ಬಲಗೈಯ ಬೆರಳು ಸ್ವಾಧೀನ ತಪ್ಪಿ, ವಾದಕನ ಬದುಕೇ ಕೈತಪ್ಪಿತು. ಅದರ ನಿಜಕಾರಣದ ವಿಷಯದಲ್ಲಿ ವೈದ್ಯರಲ್ಲಿ ಭಿನ್ನಾಭಿಪ್ರಾಯವಿದೆ. ಅತಿಯಾದ ಸಾಧನೆ ಅಪಾಯಕರವೆಂಬುದರಲ್ಲಿ ಮಾತ್ರ ಇಲ್ಲ. ಮುಂದೆ ಅವನು ಸಂಗೀತ ರಚನೆಯಲ್ಲಿ ಕೀರ್ತಿ ಪಡೆದನೆಂಬುದು ಬೇರೆ ಮಾತು.

ಆದ್ದರಿಂದ ಮಗುವಿನ ಉಂಗುರದ ಬೆರಳು ತಡವರಿಸಿದರೆ ತಾಯಿತಂದೆಗಳು ಅದನ್ನು ಸೋಮಾರಿತನವೆಂದು ಬೈಯಬಾರದು. ಅದು ದೇಹದ ರಚನೆ. ಅಭ್ಯಾಸದಲ್ಲಿ ನೋವು, ಜೋಮು ಕಂಡರೆ ಕೂಡಲೇ ನಿಲ್ಲಿಸಬೇಕು. ಮಣಿಕಟ್ಟು ಏಳುತ್ತಿದ್ದರೂ ಬೆರಳುಗಳು ಚಾಚದಿದ್ದರೆ, ಅವನ್ನಾಡಿಸುವ ನರಕ್ಕೆ ಪೆಟ್ಟಾಗಿರಬಹುದು. ತಡಮಾಡದೆ ವೈದ್ಯರನ್ನು ಕಾಣಬೇಕು.

ಕೈಯೊಂದೇ ಆದರೂ ಬೆರಳುಗಳ ಶಕ್ತಿ ಒಂದೇ ಬಗೆಯದಲ್ಲ. ಒಂದೊಂದರ ಮಿತಿಯನ್ನರಿತು ದುಡಿಸಿಕೊಂಡರೆ ಅವು ಬಾಳಿನುದ್ದಕ್ಕೂ ನಮಗೆ ನೆರವಾಗುತ್ತವೆ.