ಅಂಗಾಲಿನ ಕಪ್ಪು ಮಚ್ಚೆ ಮತ್ತು ನಮ್ಮ ಮನೆಯ ಒಂದು ತೀರ್ಮಾನ



ಈ ಪುಟದಲ್ಲಿ ಸಾಧಾರಣವಾಗಿ ನಾನು ಬರೆಯುವುದು ಬೋರ್ಡೋ ದ್ರಾವಣ, ಗೊಬ್ಬರದ ದಾಸ್ತಾನು, ಸಾಲದ ಕಂತು ಇವುಗಳ ವಿಚಾರ. ಈ ಸಲ ಮನೆಯ ವಿಚಾರವೊಂದನ್ನು ತಮ್ಮ ಮುಂದಿಡುತ್ತಿದ್ದೇನೆ. ಬರೆಯಿರಿ ಎಂದವಳು ನನ್ನ ಹೆಂಡತಿಯೇ. "ನಾಲ್ಕು ಜನ ತಮ್ಮ ಅಂಗಾಲು ನೋಡಿಕೊಂಡರೂ ಸಾಕು" ಎಂಬುದು ಅವಳ ಮಾತು.

ಎರಡು ವರ್ಷದ ಹಿಂದೆ, ಅಡಿಕೆ ಸುಲಿತದ ಕಾಲದಲ್ಲಿ, ಅವಳ ಹಿಮ್ಮಡಿಯಲ್ಲಿ ಕಪ್ಪು ಮಚ್ಚೆಯೊಂದು ಕಾಣಿಸಿತು. ಮುಳ್ಳು ಚುಚ್ಚಿ ರಕ್ತ ಕಟ್ಟಿದೆ ಎಂದುಕೊಂಡೆವು. ಆಮೇಲೆ ಆಣಿಯೆಂದು ಮುಲಾಮು ಹಚ್ಚಿದೆವು. ಹೀಗೆ ಎಂಟು ತಿಂಗಳು ಕಳೆದವು. ತೊಡೆಸಂದಿಯಲ್ಲಿ ಗಂಟು ಕೈಗೆ ಸಿಕ್ಕಿದ ಮೇಲೆ ಪರೀಕ್ಷೆ ಮಾಡಿಸಿದರೆ ಬಂದ ಹೆಸರು ಮೆಲನೋಮ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರು ಇದು. ನಮ್ಮ ಜನರಲ್ಲಿ ಅಪರೂಪ. ಬಂದರೆ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಬರುವುದೇ ಹೆಚ್ಚು. ಕಾಫಿ ಗಿಡದ ಎಲೆ ಹಳದಿಯಾಗುವ ಹೊತ್ತಿಗೆ ಕಾಂಡಕೊರಕ ಒಳಗೆಲ್ಲ ದಾರಿ ಮಾಡಿರುವುದನ್ನು ನಾವು ಬಲ್ಲೆವು. ಇಲ್ಲಿಯೂ ಹಾಗೆಯೇ ಆಗಿತ್ತು. ರೋಗ ಶ್ವಾಸಕೋಶಕ್ಕೆ ಹಬ್ಬಿ ನಾಲ್ಕನೆಯ ಹಂತ ತಲುಪಿತ್ತು.

ಸುದ್ದಿ ತಿಳಿದ ನೆಂಟರಿಷ್ಟರಿಂದ ಸಲಹೆಗಳ ಸುರಿಮಳೆಯಾಯಿತು. ನನ್ನ ಭಾವಮೈದುನ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಉದಾಹರಣೆ ಕೊಟ್ಟ. 2015ರಲ್ಲಿ ಅವರಿಗೆ ಮೆಲನೋಮ ಯಕೃತ್ತಿಗೂ ಮೆದುಳಿಗೂ ಹಬ್ಬಿತ್ತು. ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಪೆಂಬ್ರೊಲಿಜುಮ್ಯಾಬ್ ಎಂಬ ಹೊಸ ಔಷಧದಿಂದ ಚೇತರಿಸಿಕೊಂಡು ನೂರು ವರ್ಷ ತುಂಬಿಸಿ 2024ರಲ್ಲಿ ತೀರಿಕೊಂಡರು. ಇದನ್ನು ಕೇಳಿದ್ದೇ ನಾನು ಹೊಳೆಬದಿಯ ಒಂದೂವರೆ ಎಕರೆಗೆ ಯಾರಿಗೂ ಹೇಳದೆ ಬೆಲೆ ಕೇಳಿಸಿದೆ.

ವೈದ್ಯರು ನಿಧಾನವಾಗಿ ದಾರಿಗಳನ್ನು ಬಿಡಿಸಿ ಹೇಳಿದರು. ಹಳೆಯದು ಡಕಾರ್ಬಜೀನ್ ಎಂಬ ಕೀಮೋಥೆರಪಿ, 1975ರಿಂದ ಬಳಕೆಯಲ್ಲಿರುವಂಥದು. ಗಡ್ಡೆ ಕುಗ್ಗುವುದು ಹತ್ತರಲ್ಲಿ ಒಬ್ಬಿಬ್ಬರಿಗೆ ಮಾತ್ರ. ಎರಡನೆಯದು ಮಾತ್ರೆ, ಗಡ್ಡೆಯಲ್ಲಿ ಬಿ-ರಾಫ್ ಎಂಬ ವಂಶವಾಹಿಯ ನಿರ್ದಿಷ್ಟ ಬದಲಾವಣೆ ಇದ್ದವರಿಗಷ್ಟೇ ಅದು ಹೊಂದುತ್ತದೆ. ಅವಳ ಪರೀಕ್ಷೆಯಲ್ಲಿ ಅದಿರಲಿಲ್ಲ. ಮೂರನೆಯದು ದೇಹದ ರಕ್ಷಣಾಶಕ್ತಿಗೆ ಬಿದ್ದ ಕಡಿವಾಣವನ್ನು ಬಿಚ್ಚುವ ಇಮ್ಯುನೋಥೆರಪಿ. ಇದರ ಮೂಲ ಶೋಧನೆಗೆ ಅಲಿಸನ್ ಮತ್ತು ಹೊಂಜೊ ಎಂಬ ವಿಜ್ಞಾನಿಗಳಿಗೆ 2018ರಲ್ಲಿ ನೊಬೆಲ್ ಬಂತು. ನಾಲ್ಕನೆಯದು ರೋಗವನ್ನು ಬೆನ್ನಟ್ಟದೆ ನೋವು, ಉಬ್ಬಸಗಳನ್ನು ಹಿಡಿತದಲ್ಲಿಡುವ ಉಪಶಾಮಕ ಆರೈಕೆ. ಅದು ಕೈಬಿಡುವುದಲ್ಲ, ಬೇರೆ ಚಿಕಿತ್ಸೆಯ ಜೊತೆಗೂ ನಡೆಯಬಹುದು ಎಂದು ಅವರು ಒತ್ತಿ ಹೇಳಿದರು.

ಇಮ್ಯುನೋಥೆರಪಿಯಲ್ಲಿ ಮತ್ತೆರಡು ದಾರಿ. ದೊಡ್ಡ ಅಧ್ಯಯನವೊಂದರಲ್ಲಿ ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಎರಡನ್ನೂ ಒಟ್ಟಿಗೆ ಕೊಟ್ಟವರಲ್ಲಿ ಹತ್ತು ವರ್ಷದ ನಂತರ ನೂರಕ್ಕೆ 43 ಮಂದಿ, ನಿವೊಲುಮ್ಯಾಬ್ ಒಂದನ್ನೇ ಕೊಟ್ಟವರಲ್ಲಿ 37 ಮಂದಿ ಬದುಕಿದ್ದರು. ಆದರೆ ತೀವ್ರ ಅಡ್ಡಪರಿಣಾಮ ಜೋಡಿ ಔಷಧದಲ್ಲಿ ನೂರಕ್ಕೆ 59 ಜನರಿಗೆ. ಒಂಟಿ ಔಷಧದಲ್ಲಿ ಸುಮಾರು ಕಾಲುಭಾಗಕ್ಕೆ. ಕರುಳು, ಯಕೃತ್ತು, ಶ್ವಾಸಕೋಶ ಉರಿಯೂತಕ್ಕೆ ಗುರಿಯಾಗಬಹುದು. ಮೇಲಾಗಿ ಈ ಅಂಕಿಗಳು ಬಹುಪಾಲು ಬಿಳಿಯ ರೋಗಿಗಳವು. ಅಂಗಾಲಿನ ಮೆಲನೋಮ ಈ ಔಷಧಗಳಿಗೆ ಅಷ್ಟು ಚೆನ್ನಾಗಿ ಬಗ್ಗುವುದಿಲ್ಲ. ಕಾರ್ಟರ್ ಅವರ ಕಥೆ ನಮ್ಮ ಕಥೆಯಾಗಲೇಬೇಕೆಂದಿಲ್ಲ.

ಆ ರಾತ್ರಿ ಜಮೀನು ಮಾರುವ ವಿಚಾರ ಅವಳಿಗೆ ಗೊತ್ತಾಯಿತು. ಸಿಟ್ಟು ಮಾಡಲಿಲ್ಲ. "ಕಾಯಿಲೆ ನನ್ನದು. ಎಲ್ಲರನ್ನೂ ಕೇಳಿದಿರಿ, ನನ್ನನ್ನು ಮಾತ್ರ ಕೇಳಲಿಲ್ಲ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ನಿನಗೇನು ಬೇಕು ಎಂದು ಆಗ ಕೇಳಿದೆ. "ಮಾಘದಲ್ಲಿ ಮಗಳ ಹೆರಿಗೆ. ಬಾಣಂತನ ನಾನೇ ಮಾಡಬೇಕು. ಆಸ್ಪತ್ರೆ ಮಂಚದ ಮೇಲೆ ಮಲಗಿ ನಾಲ್ಕು ತಿಂಗಳು ಹೆಚ್ಚು ಬದುಕುವುದು ನನಗೆ ಬೇಡ. ಎದ್ದು ಓಡಾಡುವ ಹಾಗಿದ್ದರೆ ಔಷಧಿ ಕೊಡಿಸಿ."

ಈ ಮಾತನ್ನೇ ವೈದ್ಯರ ಮುಂದಿಟ್ಟೆವು. ಒಂಟಿ ಔಷಧವೆಂದು ತೀರ್ಮಾನವಾಯಿತು. ನಾಲ್ಕು ಸರದಿಯ ನಂತರ ಸ್ಕ್ಯಾನ್. ರೋಗ ಬೆಳೆದಿದ್ದರೆ, ಇಲ್ಲವೇ ಅವಳು ಸಾಕೆಂದರೆ, ನಿಲ್ಲಿಸುವುದೆಂದೂ ಮೊದಲೇ ಗೊತ್ತುಮಾಡಿಕೊಂಡೆವು. ಖರ್ಚಿಗೆ ಆ ವರ್ಷದ ಚಾಲಿ ಮತ್ತು ಮೆಣಸಿನ ಹಣ ತೆಗೆದಿಟ್ಟೆವು. ಜಮೀನು ಉಳಿಯಿತು. ಸ್ಕ್ಯಾನಿನಲ್ಲಿ ಗಂಟುಗಳು ಕುಗ್ಗಿರಲಿಲ್ಲ, ಬೆಳೆದೂ ಇರಲಿಲ್ಲ. ಥೈರಾಯ್ಡ್ ಸೋತು ದಿನಕ್ಕೊಂದು ಮಾತ್ರೆ ಬಂದಿದೆ. ಮಾಘದಲ್ಲಿ ಮೊಮ್ಮಗಳಿಗೆ ಎಣ್ಣೆನೀರು ಹಾಕಿದವಳು ಅವಳೇ. ಮುಂದಿನ ಸ್ಕ್ಯಾನ್ ಬರುವ ತಿಂಗಳು.

ಇಂಥ ಕಷ್ಟ ಯಾರಿಗೂ ಬಾರದಿರಲಿ. ಬಂದರೆ ಈ ನಾಲ್ಕನ್ನು ಕೇಳಿಕೊಳ್ಳಿ ಎಂದು ನನ್ನ ವಿನಂತಿ. ಈ ಚಿಕಿತ್ಸೆಯಿಂದ ಗುಣವೋ, ಕಾಲಾವಕಾಶವೋ, ನೆಮ್ಮದಿಯೋ? ಯಾವಾಗ ಪರಿಶೀಲಿಸುವುದು, ಎಲ್ಲಿ ನಿಲ್ಲಿಸುವುದು? ಒಟ್ಟು ಖರ್ಚೆಷ್ಟು, ಯಶಸ್ವಿನಿ, ಆರೋಗ್ಯ ಕರ್ನಾಟಕ ಅಥವಾ ಔಷಧ ಕಂಪನಿಯ ನೆರವಿನಿಂದ ಎಷ್ಟು ಸಿಗುತ್ತದೆ? ಕೊನೆಯದು, ಎಲ್ಲಕ್ಕೂ ಮೊದಲು ಕೇಳಬೇಕಾದದ್ದು: ರೋಗಿಗೆ ಏನು ಬೇಕು? ಅನುಮಾನವಿದ್ದರೆ ಗಡ್ಡೆಯ ತುಣುಕಿನ ಬ್ಲಾಕ್ ಮತ್ತು ಸ್ಲೈಡ್ ಪಡೆದು, 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿಯಂಥ ಕಡೆ ಇನ್ನೊಂದು ಅಭಿಪ್ರಾಯ ಕೇಳಬಹುದು. ಕೊನೆಗಾಲದ ಆರೈಕೆಗೆ ಅಲ್ಲಿಯೇ ಕರುಣಾಶ್ರಯವಿದೆ, ಹಣ ಪಡೆಯುವುದಿಲ್ಲ.

ಇಂದು ರಾತ್ರಿ ಕಾಲು ತೊಳೆದ ಮೇಲೆ ದೀಪದ ಬೆಳಕಿನಲ್ಲಿ ಮನೆಯವರೆಲ್ಲರ ಅಂಗಾಲು ನೋಡಿ. ಕೆಲಸದಾಳುಗಳಿಗೂ ಹೇಳಿ. ಬೆಳೆಯುತ್ತಿರುವ, ಅಂಚು ಸೊಟ್ಟಗಿರುವ, ಬಣ್ಣ ಬದಲಾಗುವ ಮಚ್ಚೆ ಅಥವಾ ಉಗುರಿನ ಕಪ್ಪು ಗೆರೆ ಕಂಡರೆ ಮುಲಾಮು ಹಚ್ಚುತ್ತ ಕೂರದೆ ಚರ್ಮವೈದ್ಯರಲ್ಲಿಗೆ ಹೋಗಿ. ಈ ವಿಷಯ ಮಾತನಾಡಬೇಕೆನಿಸಿದ ಸದಸ್ಯರು ಕಚೇರಿಯ ವೇಳೆಯಲ್ಲಿ ಸಂಕೋಚವಿಲ್ಲದೆ ಬನ್ನಿ.

— ಕಾರ್ಯದರ್ಶಿ