ಕಿವಿ ಮುಚ್ಚುವ ಟೋಪಿ

ಮಕ್ಕಳೇ, ಸುಮಾರು 2,240 ಮೀಟರ್ ಎತ್ತರದಲ್ಲಿರುವ ಉದಕಮಂಡಲದಲ್ಲಿ ಡಿಸೆಂಬರ್, ಜನವರಿ ತಿಂಗಳುಗಳ ಕೆಲವು ಮುಂಜಾನೆ ಹುಲ್ಲಿನ ಮೇಲೆ ಬಿಳಿಯ ಹಿಮ ಕಾಣುತ್ತದೆ. ಆಗ ಬೇಗ ನೋಯುವುದು ಕಿವಿ. ಏಕೆ? ಹೊರಕಿವಿಯು ತೆಳುವಾದ ಮೃದ್ವಸ್ಥಿಯಿಂದಾಗಿದೆ. ಅದಕ್ಕೆ ಕೊಬ್ಬಿನ ಹೊದಿಕೆ ಇಲ್ಲವೆನ್ನುವಷ್ಟು ಕಡಿಮೆ. ಗಾಳಿ ಬೀಸಿದೊಡನೆ ತಣ್ಣಗಾಗಿಬಿಡುತ್ತದೆ.

ಕೂಸುಗಳಿಗೆ ಕುಲಾವಿ ಹಾಕುವ ಅಜ್ಜಿಯರಿಗೆ ಇದು ಗೊತ್ತು. ದೊಡ್ಡವರಾದ ಮೇಲೆ ನಾವೇ ಮರೆಯುತ್ತೇವೆ. ನಾನೂ ಒಮ್ಮೆ ಬಣ್ಣಕ್ಕೆ ಮರುಳಾಗಿ ನೆತ್ತಿಯಷ್ಟೇ ಮುಚ್ಚುವ ಟೋಪಿ ಕೊಂಡು, ಬಸ್ಸಿಗೆ ಕಾಯುವಾಗ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ನಿಂತಿದ್ದೆ!

ಟೋಪಿಯನ್ನು ಹಾಕಿಕೊಂಡು ನೋಡಿಯೇ ಕೊಳ್ಳಬೇಕು. ಅಂಚು ಕಿವಿಯ ಕೆಳಗೆ ಇಳಿಯಬೇಕು. ತಲೆ ತಿರುಗಿಸಿದರೂ ಮೇಲೇರಬಾರದು. ನಮ್ಮನ್ನು ಬೆಚ್ಚಗಿಡುವುದು ಎಳೆಗಳ ನಡುವೆ ನಿಂತ ಗಾಳಿ. ಆದುದರಿಂದ ಬಿಗಿಯಾಗಿ ಎಳೆದು ಹಾಕುವ ಟೋಪಿ ಅಷ್ಟು ಬೆಚ್ಚಗಿರದು. ಮಂಜಿನಲ್ಲಿ ನೆನೆದ ಹತ್ತಿ ಚಳಿ ಹಿಡಿಸುತ್ತದೆ. ಉಣ್ಣೆ ತೇವವಾದರೂ ಸ್ವಲ್ಪ ಬೆಚ್ಚಗಿರುತ್ತದೆ.

ಇನ್ನೊಂದು ಮಾತು. ತೀರ ದಪ್ಪ ಟೋಪಿ ಸದ್ದನ್ನೂ ತಡೆಯುತ್ತದೆ. ಮಂಜು ಕವಿದ ತಿರುವಿನಲ್ಲಿ ಬಸ್ಸು ಕಾಣುವ ಮೊದಲೇ ಅದರ ಹಾರ್ನ್ ನಿಮಗೆ ಕೇಳಿಸಬೇಕು. ಅಂಗಡಿಯಲ್ಲಿ ಟೋಪಿ ಹಾಕಿಕೊಂಡು, ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯುವಂತೆ ಜೊತೆಯವರಿಗೆ ಹೇಳಿರಿ. ಕೇಳಿಸದಿದ್ದರೆ ಬೇರೊಂದನ್ನು ಆರಿಸಿಕೊಳ್ಳಿರಿ.